ಒಂದು ಮಾತು ಕೇಳಿದ್ದರೆ…

ಹದಿನೈದು ವರ್ಷಗಳ ಹಿಂದಿನ ಮಾತು. ಮಧ್ಯಾಹ್ನದ ಹೊತ್ತು. ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಮಾರನೆಯ ದಿನಕ್ಕೆಂದು ಅಕ್ಕಿ ಆರಿಸುತ್ತ ಕೂತಿದ್ದೆ. ಹಿಂದಿನ ಬೀದಿಯ ಆಕೆ ಬಂದು, ನನ್ನಿಂದ ಒಯ್ದಿದ್ದ ಇಡ್ಲಿ ಪಾತ್ರೆಯನ್ನು ಕೆಳಗಿಟ್ಟಳು. ಅದರ ಜೊತೆಗೆ ಯಾವತ್ತೋ ತೆಗೆದುಕೊಂಡು ಹೋಗಿದ್ದ ಹೊಲಿಗೆ ಪುಸ್ತಕ, ಎರಡು ಸ್ಟೀಲ್ ಡಬ್ಬಿ. ಕೊನೆಗೆ ತಾನೇ ಕಸೂತಿ ಹಾಕಿದ ಒಂದು ಮೇಜಿನ ಬಟ್ಟೆ.

"ಇದು ನಿಮಗೆ ಇಷ್ಟ ಅಂದಿದ್ರಲ್ಲ, ಇಟ್ಕೊಳ್ಳಿ. ನನಗಿನ್ನು ಯಾಕೆ?" ಎಂದಳು.

"ಯಾಕ್ರೀ ಹಾಗಂತೀರಾ?" ಅಂದೆ.

"ಸಾಕಾಗಿದೆ ಕಣ್ರೀ" ಅಂದಳು. ಅಷ್ಟೇ.

ಆಗ ನಾನು ಹೇಳಿದ್ದೇನು? ಎಲ್ಲರೂ ಹೇಳುವುದನ್ನೇ ಹೇಳಿದೆ. "ಎಲ್ಲರ ಮನೆ ದೋಸೆನೂ ತೂತೇ ಕಣ್ರೀ. ಮಕ್ಕಳ ಮುಖ ನೋಡ್ಕೊಂಡು ಹೊಂದ್ಕೊಂಡು ಹೋಗ್ಬೇಕು" ಅಂದೆ. ಆಕೆ ಸುಮ್ಮನೆ ನಕ್ಕಳು. ಕಾಫಿ ಬೇಡವೆಂದು ಎದ್ದು ಹೋದಳು. ಅದೇ ವಾರ ಆಕೆ ತಾನಾಗಿ ಪ್ರಾಣ ಕಳೆದುಕೊಂಡ ಸುದ್ದಿ ಬಂತು.

ಬೀದಿಯವರೆಲ್ಲ ತಲೆಗೊಂದು ಮಾತಾಡಿದರು. ಗಂಡನ ಸಾಲ ಎಂದರು, ಅತ್ತೆಯ ಬಾಯಿ ಎಂದರು. ನನಗೆ ಮಾತ್ರ ಆ ಮೇಜಿನ ಬಟ್ಟೆ ಕಣ್ಣಿಗೆ ಬಿದ್ದಾಗಲೆಲ್ಲ ಒಂದೇ ಯೋಚನೆ. ಆಕೆ ಬಾಯಿ ಬಿಡಲು ಬಂದಿದ್ದಳು, ನಾನು ಗಾದೆ ಹೇಳಿ ಬಾಯಿ ಮುಚ್ಚಿಸಿ ಕಳಿಸಿದೆ.

ಈ ವಿಷಯವನ್ನು ಅಡುಗೆ, ಹೊಲಿಗೆಯ ಪುಟಗಳ ನಡುವೆ ಬರೆಯಬೇಕೇ ಎಂದು ಕೆಲವು ಸೋದರಿಯರಿಗೆ ಅನ್ನಿಸಬಹುದು. ಬರೆಯಲೇಬೇಕು. ಏಕೆಂದರೆ ಇದು ಅಡುಗೆಮನೆಯೊಳಗಿನ ವಿಷಯವೇ ಆಗಿದೆ.

ಲೆಕ್ಕ ಹೇಳುವ ಕಥೆ

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗವು ಪ್ರತಿ ವರ್ಷ ಇಡೀ ದೇಶದ ಲೆಕ್ಕ ಕೊಡುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ ಗೃಹಿಣಿಯರೇ 25,309. ದಿನಕ್ಕೆ ಸುಮಾರು 69 ಜನ ಎಂದಾಯಿತು. ಆ ವರ್ಷ ಹೀಗೆ ಪ್ರಾಣ ಬಿಟ್ಟ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮ ನಿಮ್ಮಂತೆ ಮನೆ ನೋಡಿಕೊಂಡಿದ್ದವರು!

ರೈತರ ಸಾವಿನ ಬಗ್ಗೆ, ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಸಾವಿನ ಬಗ್ಗೆ ಪತ್ರಿಕೆಗಳಲ್ಲಿ ಓದುತ್ತೇವೆ, ಮರುಗುತ್ತೇವೆ. ಮರುಗಬೇಕಾದದ್ದೇ. ಆದರೆ ಗೃಹಿಣಿಯರ ಸಾವು ಮಾತ್ರ "ಏನೋ ಸಂಸಾರದ ತಾಪತ್ರಯ" ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ತಾಪತ್ರಯವನ್ನು ಬಿಡಿಸಿ ನೋಡಿದರೆ ಕಾರಣ ಒಂದಲ್ಲ, ಹತ್ತು. ಗಂಡನ ಕುಡಿತ, ಹೊಡೆತ, ವರದಕ್ಷಿಣೆಯ ಕಾಟ, ಸಾಲ, ವಾಸಿಯಾಗದ ಕಾಯಿಲೆ, ಮಕ್ಕಳಾಗಲಿಲ್ಲವೆಂಬ ಚುಚ್ಚುಮಾತು ಎಲ್ಲ ಇರುತ್ತವೆ. ಇವುಗಳ ಅಡಿಯಲ್ಲಿ ಯಾರ ಕಣ್ಣಿಗೂ ಕಾಣದ ಖಿನ್ನತೆ ಎಂಬ ಕಾಯಿಲೆಯೂ ಎಷ್ಟೋ ಸಲ ಇರುತ್ತದೆ. ಜ್ವರ ಬಂದರೆ ಮೈ ಮುಟ್ಟಿ ನೋಡುತ್ತಾರೆ. ಮನಸ್ಸು ಸೋತರೆ ಯಾರು ಮುಟ್ಟಿ ನೋಡುತ್ತಾರೆ?

ಚಹಾ ಕೊಟ್ಟವರ ಕಥೆ

ಇಲ್ಲಿ ನಿಮಗೊಂದು ದೂರದ ಊರಿನ ಕಥೆ ಹೇಳಬೇಕು. ಕೇಳಿದ ಮೇಲೆ ಇದು ನಮ್ಮ ಜಗಲಿಕಟ್ಟೆಯದೇ ಕಥೆ ಎನ್ನಿಸೀತು.

ಇಂಗ್ಲೆಂಡಿನಲ್ಲಿ ಚಾಡ್ ವಾರಾ ಎಂಬ ಪಾದ್ರಿಯೊಬ್ಬರಿದ್ದರು. 1935ರಲ್ಲಿ, ಅವರಿನ್ನೂ ಹೊಸ ಪಾದ್ರಿ. ಲಿಂಕನ್ ಎಂಬ ಊರಿನಲ್ಲಿ ಅವರು ಮೊತ್ತಮೊದಲು ನಡೆಸಿಕೊಟ್ಟ ಅಂತ್ಯಸಂಸ್ಕಾರ ಒಬ್ಬ ಎಳೆಯ ಹುಡುಗಿಯದು. ಆ ಹುಡುಗಿ ಮೈನೆರೆದಿದ್ದಳು. ಅದೇನೆಂದು ಮೊದಲೇ ತಿಳಿಸಿ ಹೇಳಿದವರಿಲ್ಲ. ತನಗೇನೋ ಕೆಟ್ಟ ರೋಗ ತಗುಲಿದೆ ಎಂದು ಹೆದರಿ, ನಾಚಿಕೆಯಿಂದ ಯಾರನ್ನೂ ಕೇಳಲಾಗದೆ ಪ್ರಾಣ ಕಳೆದುಕೊಂಡಿದ್ದಳು. ತಾಯಂದಿರೇ, ಯೋಚಿಸಿ ನೋಡಿ. ಒಂದು ಮಾತು ಸಾಕಾಗಿದ್ದ ಜಾಗದಲ್ಲಿ ಒಂದು ಜೀವ ಹೋಯಿತು.

ಆ ಸಾವನ್ನು ವಾರಾ ಮರೆಯಲಿಲ್ಲ. 1953ರ ನವೆಂಬರ್ 2ರಂದು, ಲಂಡನ್ನಿನ ತಮ್ಮ ಇಗರ್ಜಿಯಲ್ಲಿ ಒಂದು ಟೆಲಿಫೋನ್ ಇಟ್ಟುಕೊಂಡು ಕೂತರು. ಸಾಯಬೇಕೆನಿಸುವವರು ಅದಕ್ಕೆ ಮೊದಲು ನನಗೊಂದು ಫೋನ್ ಮಾಡಿ ಎಂದು ಸಾರಿದರು. ಆಗ ಅಲ್ಲಿ ಆತ್ಮಹತ್ಯೆಗೆ ಯತ್ನಿಸುವುದೇ ಅಪರಾಧ. ಜನ ಬಾಯಿ ಬಿಡಲು ಹೆದರುತ್ತಿದ್ದರು. ಆದರೂ ಫೋನ್ ಬರತೊಡಗಿತು, ಜನ ತಾವೇ ಬಾಗಿಲಿಗೂ ಬಂದರು. ಪಾದ್ರಿ ಒಬ್ಬರೇ, ಬಂದವರು ಬಹಳ. ಕಾದು ಕೂತವರಿಗೆ ಬೇಸರವಾಗದಿರಲೆಂದು ಊರಿನ ಕೆಲವು ಸಾಮಾನ್ಯ ಜನ, ಕಲಿತ ಡಾಕ್ಟರುಗಳಲ್ಲ, ಬಂದು ಚಹಾ ಕಾಸಿ ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದರು.

ಆಮೇಲೆ ಆದದ್ದು ಸ್ವಾರಸ್ಯ. ಕಾದು ಕೂತವರು ಚಹಾ ಕೊಟ್ಟವರ ಹತ್ತಿರವೇ ಮನಸ್ಸು ಬಿಚ್ಚಿ ಎಲ್ಲ ಹೇಳಿಕೊಳ್ಳುತ್ತಿದ್ದರು. ಎಷ್ಟೋ ಜನ ಪಾದ್ರಿಯನ್ನು ನೋಡದೆಯೇ, "ಈಗ ಸ್ವಲ್ಪ ಹಗುರಾಯಿತು" ಎಂದು ಎದ್ದು ಹೋಗುತ್ತಿದ್ದರು! ವಾರಾ ಇದನ್ನು ಗಮನಿಸಿದರು. ಇವರಿಗೆ ಉಪದೇಶಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಕೇಳುವ ಕಿವಿ ಎಂದು ಅರಿತು, 1954ರ ಫೆಬ್ರುವರಿಯಲ್ಲಿ ಆ ಕೆಲಸವನ್ನೇ ಚಹಾ ಕೊಡುವವರ ಕೈಗೆ ಒಪ್ಪಿಸಿದರು. ಅದೇ ಸಮಾರಿಟನ್ಸ್ ಸಂಸ್ಥೆ. ವಾರಾ 2007ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂಸ್ಥೆ ಇಂದಿಗೂ ನಡೆಯುತ್ತಿದೆ.

ನಮ್ಮ ಪಕ್ಕದ ಚೆನ್ನೈಯಲ್ಲಿ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ 'ಸ್ನೇಹಾ' ಎಂಬ ಸಂಸ್ಥೆ ಕಟ್ಟಿದರು. ಅಲ್ಲಿಯೂ ಫೋನ್ ಎತ್ತಿಕೊಂಡು ಕೇಳುವವರು ತರಬೇತಿ ಪಡೆದ ಸ್ವಯಂಸೇವಕರೇ. ಅಂದರೆ ಈ ಕೆಲಸದ ಮೊದಲ ಮೆಟ್ಟಿಲಿಗೆ ಪದವಿ ಬೇಕಿಲ್ಲ. ಕೂತು ಕೇಳುವ ತಾಳ್ಮೆ ಬೇಕು.

ಕೇಳಿದರೆ ಯೋಚನೆ ಹುಟ್ಟುತ್ತದೆಯೇ?

"ಅಯ್ಯೋ, ಅಂಥ ಮಾತನ್ನು ಬಾಯಲ್ಲಿ ಆಡಬಾರದು. ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತೆ." ನಮ್ಮಲ್ಲಿ ಎಲ್ಲರ ಹೆದರಿಕೆ ಇದೇ. ನನ್ನದೂ ಇದೇ ಆಗಿತ್ತು.

ಈ ಹೆದರಿಕೆ ತಪ್ಪು ಎಂದು ಈಗ ವೈದ್ಯರು ಖಚಿತವಾಗಿ ಹೇಳುತ್ತಾರೆ. ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಏನಾಗುತ್ತದೆ ಎಂಬ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಕೇಳಿದ್ದರಿಂದ ಆ ಯೋಚನೆ ಹೆಚ್ಚಾದದ್ದು ಕಾಣಲಿಲ್ಲ. ಕಡಿಮೆಯಾಗುವುದೂ ಉಂಟು ಎಂದು ಕಂಡಿತು. ಸೋತ ಮನಸ್ಸಿನಲ್ಲಿ ಆ ಯೋಚನೆ ನಾವು ಕೇಳುವ ಮೊದಲೇ ಇರುತ್ತದೆ. ನಾವು ಕೇಳಿದಾಗ ಅದನ್ನು ಹೊರಗೆ ಹಾಕಲು ದಾರಿಯಾಗುತ್ತದೆ.

ಇನ್ನೊಂದು ಮಾತು. "ಸಾಯ್ತೀನಿ ಅನ್ನೋರು ಸಾಯಲ್ಲ, ಹೆದರಿಸ್ತಾರೆ ಅಷ್ಟೇ" ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಇದೂ ಸುಳ್ಳು. ಎಷ್ಟೋ ಮಂದಿ ಮೊದಲೇ ಯಾರಿಗಾದರೂ ಸೂಚನೆ ಕೊಟ್ಟಿರುತ್ತಾರೆ. ಆ ಮನಸ್ಸು ಎರಡು ಕಡೆಗೂ ಎಳೆದಾಡುತ್ತಿರುತ್ತದೆ. ಅವರಿಗೆ ಬೇಕಾಗಿರುವುದು ನೋವು ನಿಲ್ಲುವುದು. ಆ ಅತಿ ಕಷ್ಟದ ಹೊತ್ತು ಬಹಳ ಸಲ ಕೆಲವು ಗಂಟೆ, ಕೆಲವು ದಿನ ಮಾತ್ರ. ಅದನ್ನು ದಾಟಿಸಿದರೆ ಜೀವ ಉಳಿಯುತ್ತದೆ. ಒಮ್ಮೆ ಯತ್ನಿಸಿ ಬದುಕಿ ಉಳಿದವರಲ್ಲಿ ಹೆಚ್ಚಿನವರು ಮುಂದೆ ಹಾಗೆ ಸಾಯುವುದಿಲ್ಲ, ಬಾಳುತ್ತಾರೆ.

ಮಹಡಿ ಮೇಲಿನ ಬಾಣಂತಿ

ಎರಡು ವರ್ಷದ ಹಿಂದೆ ನಮ್ಮ ಮಹಡಿ ಮನೆಗೆ ಒಂದು ಚಿಕ್ಕ ಸಂಸಾರ ಬಾಡಿಗೆಗೆ ಬಂತು. ಹುಡುಗಿಗೆ ಚೊಚ್ಚಲು. ತವರಿನಿಂದ ಬಾಣಂತನ ಮುಗಿಸಿ, ಮೂರು ತಿಂಗಳ ಕೂಸಿನೊಂದಿಗೆ ಬಂದಿದ್ದಳು. ತಲೆ ಬಾಚುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ಅತ್ತೆಯವರು ಬಂದಾಗ, "ಬಾಣಂತಿ ಅಂದ್ಮೇಲೆ ಅಳು ಬರುತ್ತೆ. ನಾವೇನು ಹೆತ್ತಿಲ್ವಾ?" ಎಂದು ದೃಷ್ಟಿ ತೆಗೆದು ಹೋದರು. ಅವರು ಕೆಟ್ಟವರಲ್ಲ, ಗೊತ್ತಿರಲಿಲ್ಲ ಅಷ್ಟೇ.

ಒಂದು ದಿನ ಹಾಲಿನ ಲೆಕ್ಕ ಹೇಳಲು ಬಂದವಳು ಬಾಗಿಲಲ್ಲೇ ನಿಂತು, "ನಾನಿಲ್ದಿದ್ರೆ ಎಲ್ಲರಿಗೂ ಸುಖ ಆಂಟಿ. ಮಗೂನ ನನಗಿಂತ ಬೇರೆಯೋರೇ ಚೆನ್ನಾಗಿ ನೋಡ್ಕೋತಾರೆ" ಎಂದಳು.

ನನಗೆ ಎದೆ ಝಲ್ಲೆಂದಿತು. ಗಾದೆ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. ಒಳಗೆ ಕರೆದು ಕೂರಿಸಿ, ಒಲೆ ಆರಿಸಿ, ಕೈ ಹಿಡಿದು ಕೇಳಿದೆ: "ಪುಟ್ಟಿ, ಪ್ರಾಣ ಕಳ್ಕೊಳ್ಳೋ ಯೋಚನೆ ಏನಾದ್ರೂ ಬರ್ತಿದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೂಂ" ಎಂದಳು. ಅಳು ಕಟ್ಟೆಯೊಡೆಯಿತು. ಅತ್ತು ಅತ್ತು ಸಾಕಾದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಇಷ್ಟು ದಿನ ಯಾರೂ ಕೇಳೇ ಇರ್ಲಿಲ್ಲ ಆಂಟಿ."

ಎರಡು ಗಂಟೆ ಕೂತು ಕೇಳಿದೆ. ನಾನು ಆಡಿದ ಮಾತು ಬೆರಳೆಣಿಕೆಯಷ್ಟು. ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಅವಳನ್ನೇ ಕೇಳಿ ಗಂಡನಿಗೆ ಫೋನ್ ಮಾಡಿಸಿದೆ, ತಾಯಿಯನ್ನು ಊರಿನಿಂದ ಕರೆಸಿದೆವು. ಮಾರನೆಯ ದಿನವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. "ಇದು ಹೆರಿಗೆಯ ನಂತರ ಬರುವ ಖಿನ್ನತೆ. ಇವಳ ತಪ್ಪೂ ಅಲ್ಲ, ಯಾವ ಗಾಳಿ ಸೋಂಕೂ ಅಲ್ಲ. ವಾಸಿಯಾಗುತ್ತೆ" ಎಂದರು ಡಾಕ್ಟರು. ಮಗುವಿಗೆ ಹಾಲು ಕೊಡುವವಳು ಎಂಬುದನ್ನು ನೋಡಿಕೊಂಡೇ ಮಾತ್ರೆ ಬರೆದುಕೊಟ್ಟರು. ವಾಸಿಯಾಗಲು ತಿಂಗಳುಗಳೇ ಹಿಡಿದವು, ನಡುವೆ ಕೆಟ್ಟ ದಿನಗಳೂ ಬಂದವು. ಈಗ ಆ ಕೂಸು ನಮ್ಮ ಅಡುಗೆಮನೆಗೆ ನುಗ್ಗಿ ಪಾತ್ರೆಗಳನ್ನೆಲ್ಲ ಎಳೆದು ಹಾಕುತ್ತದೆ. ತಾಯಿ ಬಂದು ಗದರಿಸಿ ಎತ್ತಿಕೊಂಡು ಹೋಗುತ್ತಾಳೆ.

ಆ ಡಾಕ್ಟರ ಹತ್ತಿರವೇ ನಾನು ಹಿಂದಿನ ಬೀದಿಯ ಆಕೆಯ ವಿಷಯವನ್ನೂ ಹೇಳಿಕೊಂಡೆ. "ಆಗ ನಿಮಗೆ ಗೊತ್ತಿರಲಿಲ್ಲ. ಆ ಸಾವಿಗೆ ನೀವು ಕಾರಣರಲ್ಲ. ಕೇಳಿದರೂ ಕೆಲವು ಸಲ ಜೀವ ಉಳಿಯುವುದಿಲ್ಲ" ಎಂದರು ಅವರು. ಮನೆಯಲ್ಲಿ ಇಂಥ ಸಾವು ಕಂಡ ಸೋದರಿಯರೇ, ಈ ಮಾತು ನಿಮಗೂ ಸೇರಿದ್ದು.

ಯಾವುದನ್ನು ಗಮನಿಸಬೇಕು?

"ನಾನಿದ್ದು ಏನು ಪ್ರಯೋಜನ", "ನಾನು ಎಲ್ಲರಿಗೂ ಭಾರ", "ಇನ್ನು ಸ್ವಲ್ಪ ದಿನ ಅಷ್ಟೇ" ಎಂಬ ಮಾತುಗಳು. ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಸಾಲ ಸೋಲಗಳನ್ನೆಲ್ಲ ಇದ್ದಕ್ಕಿದ್ದಂತೆ ಚುಕ್ತಾ ಮಾಡುವುದು. ಊಟ, ನಿದ್ದೆ, ಮೈಮೇಲಿನ ಅಸ್ಥೆ ಬಿಟ್ಟುಹೋಗುವುದು. ಮದುವೆ, ಅರಿಶಿನ ಕುಂಕುಮಗಳಿಗೂ ಬಾರದೆ ಬಾಗಿಲು ಹಾಕಿಕೊಂಡು ಕೂರುವುದು. ಬಹಳ ದಿನ ಕುಗ್ಗಿದ್ದವರು ಏಕಾಏಕಿ ಶಾಂತರಾಗಿಬಿಡುವುದು. ಹಿಂದೆ ಒಮ್ಮೆ ಯತ್ನಿಸಿದ್ದವರಂತೂ ಹೆಚ್ಚಿನ ಎಚ್ಚರಕ್ಕೆ ಅರ್ಹರು. ಇದು ಹೆಂಗಸರಿಗಷ್ಟೇ ಅಲ್ಲ. ಸಾಲದಲ್ಲಿರುವ ಗಂಡ, ಪರೀಕ್ಷೆ ಬರೆದ ಮಗ, ಒಂಟಿಯಾದ ಮಾವ ಎಲ್ಲರಿಗೂ ಅನ್ವಯಿಸುತ್ತದೆ.

ಕೇಳುವುದು ಹೇಗೆ?

1. ನಾಲ್ಕು ಜನರ ಎದುರು ಬೇಡ. ಇಬ್ಬರೇ ಇರುವಾಗ, ಅವಸರವಿಲ್ಲದ ಹೊತ್ತಿನಲ್ಲಿ ಕೇಳಿ. ಟಿ.ವಿ., ಮೊಬೈಲು ಆರಿಸಿ.

2. ನೇರವಾಗಿ ಕೇಳಿ. "ಸಾಯೋ ಯೋಚನೆ ಬರ್ತಿದ್ಯಾ?" ಎಂದೇ ಕೇಳಿ. "ಅಂಥದ್ದೇನೂ ಮಾಡ್ಕೊಳ್ಳಲ್ಲ ತಾನೇ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವನ್ನು ನೀವೇ ಬಾಯಿಗೆ ಕೊಟ್ಟಂತಾಗುತ್ತದೆ.

3. "ಹೌದು" ಎಂದರೆ ಬೆಚ್ಚಿಬೀಳಬೇಡಿ, ಬೈಯಬೇಡಿ. "ಹೇಳಿದ್ದು ಒಳ್ಳೇದಾಯ್ತು. ನಾನಿದ್ದೀನಿ" ಎನ್ನಿ.

4. ಪಾಪ ಪುಣ್ಯ, ಮಾನ ಮರ್ಯಾದೆ, "ಮಕ್ಕಳ ಗತಿ ಏನು" ಎಂಬ ಮಾತು ಆಗ ಬೇಡ. ತಾನು ಕೆಟ್ಟವಳು ಎಂದು ಮೊದಲೇ ಕುಗ್ಗಿದವಳು ಇನ್ನಷ್ಟು ಕುಗ್ಗುತ್ತಾಳೆ. "ನನಗೂ ಏನು ಕಷ್ಟ ಕಡಿಮೆನಾ" ಎಂದು ನಿಮ್ಮ ಕಥೆಯನ್ನೂ ಶುರು ಮಾಡಬೇಡಿ.

5. "ಯಾರಿಗೂ ಹೇಳಲ್ಲ" ಎಂದು ಆಣೆ ಮಾಡಬೇಡಿ. ಬೀದಿಗೆ ಹರಡಬಾರದು, ನಿಜ. ಆದರೆ ಜೀವ ಉಳಿಸಲು ಬೇಕಾದ ಒಬ್ಬಿಬ್ಬರಿಗೆ, ವೈದ್ಯರಿಗೆ ಹೇಳಲೇಬೇಕು.

6. ಅಪಾಯ ಹತ್ತಿರವಿದೆ ಎನಿಸಿದರೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ. 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಹೊಡೆತ, ಕಾಟ ಇದ್ದರೆ 181 ಮಹಿಳಾ ಸಹಾಯವಾಣಿ ಇದೆ. ಹೊಡೆಯುವವನ ಕೈಗೇ ಅವಳನ್ನು ಒಪ್ಪಿಸಿ ಬರಬೇಡಿ.

7. ಮಾರನೆಯ ದಿನ ಮತ್ತೆ ಹೋಗಿ ಮಾತಾಡಿಸಿ. ವಾರದ ಮೇಲೂ ಹೋಗಿ. ಒಂದು ಸಲ ಕೇಳಿದರೆ ಮುಗಿಯಲಿಲ್ಲ.

ಮನೆಯಲ್ಲಿ ಒಂದು ಬೀಗ

ಜಮೀನಿದ್ದವರ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಅಟ್ಟದ ಮೇಲೋ ಹಿತ್ತಲಿನಲ್ಲೋ ಕೈಗೆ ಸಿಗುವಂತೆ ಇರುತ್ತದೆ. ಅದಕ್ಕೊಂದು ಬೀಗವಿರಲಿ, ಬೀಗದ ಕೈ ಗಟ್ಟಿಮನಸ್ಸಿನವರ ಹತ್ತಿರವಿರಲಿ. ಮನೆಯ ಮಾತ್ರೆಗಳ ಡಬ್ಬಿಗೂ ಇದೇ ಮಾತು. "ಸಾಯಬೇಕೆಂದವರನ್ನು ಬೀಗ ತಡೆಯುತ್ತಾ?" ಎಂದು ಕೇಳಬಹುದು. ತಡೆಯುತ್ತದೆ! ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದರು. 1995ರಿಂದ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಇಳಿಯಿತು. ತಮಿಳುನಾಡಿನ ಹಳ್ಳಿಗಳಲ್ಲಿ 'ಸ್ನೇಹಾ' ಸಂಸ್ಥೆಯವರು ಬ್ಯಾಂಕಿನ ಲಾಕರಿನಂತೆ ಊರಿಗೊಂದು ಕಡೆ ಔಷಧಿ ಇಡುವ ಏರ್ಪಾಟನ್ನೂ ಮಾಡಿ ನೋಡಿದ್ದಾರೆ. ಆ ಕೆಟ್ಟ ಗಳಿಗೆ ದಾಟುವವರೆಗೆ ಕೈಗೆ ಸಿಗದಿದ್ದರೆ ಸಾಕು, ಎಷ್ಟೋ ಜೀವ ಉಳಿಯುತ್ತದೆ.

ಪೊಲೀಸರ ಭಯ

"ಕೇಸಾಗುತ್ತೆ" ಎಂಬ ಹೆದರಿಕೆಯಿಂದ ಎಷ್ಟೋ ಮನೆಗಳವರು ಆಸ್ಪತ್ರೆಗೆ ಹೋಗದೆ ಮುಚ್ಚಿಡುತ್ತಾರೆ. ಈಗ ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದು ಭಾವಿಸುತ್ತದೆ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಯತ್ನಿಸಿದವರಿಗೆಲ್ಲ ಶಿಕ್ಷೆ ಹೇಳುತ್ತಿದ್ದ ಹಳೆಯ 309ನೆಯ ಕಲಮು 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ನಿಯಮದಂತೆ ಠಾಣೆಗೆ ತಿಳಿಸಬಹುದು. ಅದಕ್ಕೆ ಹೆದರಿ ಚಿಕಿತ್ಸೆಗೆ ಒಂದು ನಿಮಿಷವೂ ತಡಮಾಡಬಾರದು.

ಹೋಗುವುದು ಎಲ್ಲಿಗೆ?

"ಹುಚ್ಚಾಸ್ಪತ್ರೆಗೆ ಹೋದ್ರೆ ಜನ ಏನಂದಾರು?" ಎಂಬ ಕಾಲ ಹೋಗಬೇಕು. ಮನಸ್ಸಿನ ಚಿಕಿತ್ಸೆ ಬೆಂಗಳೂರಿನಲ್ಲಿ ಮಾತ್ರ ಸಿಗಬೇಕಾಗಿಲ್ಲ ಎಂದು ತೋರಿಸಿದ್ದೇ ನಮ್ಮ ಬಳ್ಳಾರಿ ಜಿಲ್ಲೆ. 1985ರಿಂದ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಪ್ರಯೋಗ ನಡೆಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ವಿಚಾರಿಸಿ, ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಮನೆಯಿಂದ ಹೊರಡಲು ಆಗದವರಿಗೆ ಫೋನ್ ಇದೆ. ಕೇಂದ್ರ ಸರ್ಕಾರದ 'ಟೆಲಿ ಮಾನಸ್' 2022ರ ಅಕ್ಟೋಬರ್ 10ರಂದು ಆರಂಭವಾಯಿತು. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೆ ಈಗಲೇ ಬರೆದಿಡಿ. ಯಾರಿಗೆ ಯಾವಾಗ ಬೇಕಾದೀತೋ ಹೇಳಲಾಗದು.

ಇದನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೆ…

ಸೋದರಿ, ನಿಮಗೇನೂ ಹುಚ್ಚಿಲ್ಲ, ನೀವು ಕೆಟ್ಟವರಲ್ಲ. ನೀವು ದಣಿದಿದ್ದೀರಿ, ನೋವಿನಲ್ಲಿದ್ದೀರಿ. "ನಾನಿಲ್ಲದಿದ್ದರೆ ಎಲ್ಲರಿಗೂ ಸುಖ" ಎಂದು ಮನಸ್ಸು ಹೇಳುತ್ತಿದ್ದರೆ, ಅದು ಕಾಯಿಲೆ ಆಡಿಸುವ ಮಾತು. ಅದನ್ನು ನಂಬಬೇಡಿ. ಇವತ್ತಿನ ದಿನವನ್ನಷ್ಟೇ ದಾಟಿ. ಒಬ್ಬರಿಗೆ, ಅಕ್ಕನಿಗೋ ಗೆಳತಿಗೋ ಪಕ್ಕದ ಮನೆಯವರಿಗೋ, "ನನಗೆ ಬದುಕೋದೇ ಕಷ್ಟ ಆಗಿದೆ. ಸ್ವಲ್ಪ ಕೂತು ಕೇಳ್ತೀರಾ?" ಎಂದು ಹೇಳಿ. ಅವರು ನನ್ನಂತೆ ಗಾದೆ ಹೇಳಿ ಕಳಿಸಿದರೆ ಬಿಡಬೇಡಿ, ಇನ್ನೊಬ್ಬರಿಗೆ ಹೇಳಿ. ಯಾರೂ ಸಿಗದಿದ್ದರೆ 14416ಕ್ಕೆ ಮಾಡಿ. ಅಲ್ಲಿ ಕೇಳುವವರು ಇದ್ದಾರೆ.

ಉಳಿದವರಿಗೆ ನನ್ನದೊಂದು ವಿನಂತಿ. ಮಧ್ಯಾಹ್ನದ ಹೊತ್ತು ಯಾರಾದರೂ ಪಾತ್ರೆ ಕೊಡುವ ನೆಪದಲ್ಲಿ ನಿಮ್ಮ ಬಾಗಿಲಿಗೆ ಬಂದು, "ಸಾಕಾಗಿದೆ ಕಣ್ರೀ" ಎಂದರೆ, ಕೆಲಸ ಅಲ್ಲಿಗೇ ಬಿಡಿ. ಒಳಗೆ ಕರೆದು ಕೂರಿಸಿ. ಕಾಫಿಗೆ ನೀರಿಡಿ. "ಏನಾಗಿದೆ, ಹೇಳಿ" ಎಂದು ಕೇಳಿ. ಗಾದೆ ಆಮೇಲೆ ಹೇಳಿದರಾಯಿತು.